ಹೊಗೆಗೂ ಮೋಡಕ್ಕೂ ನ್ಯಾಯ ಹೇಳಲು ಹೊರಟವಳು

ಹೊಗೆಗೂ ಮೋಡಕ್ಕೂ ಜಗಳ ಬಂದ ಕಾಲದಲ್ಲಿ, ಹೊಳಲು ಎಂಬ ಊರಲ್ಲಿ, ಇಬ್ಬರಿಗೂ ನಾನೇ ನ್ಯಾಯ ಹೇಳುತ್ತೇನೆಂದು ಒಬ್ಬ ಹುಡುಗಿ ಹೊರಟಳಂತೆ. ಊರಿಗೆಲ್ಲ ಕತೆ ಹೇಳುವ ಚಿಕ್ಕಬೋರಮ್ಮ ಹೇಳಿದ್ದರೆ ಕತೆ ಹೀಗೇ ಶುರುವಾಗುತ್ತಿತ್ತು. ಆ ಹುಡುಗಿ ಅವಳ ಮೊಮ್ಮಗಳು ವೀಣ.

ಮಂಡ್ಯದ ಕಾಲೇಜಿನಲ್ಲಿ ಹವಾಮಾನದ ಚರ್ಚಾಸ್ಪರ್ಧೆ ಗೆದ್ದು ಬಂದ ವೀಣ ಊರ ಡೇರಿ ಮುಂದೆಯೂ ಅದೇ ಮಾತು ತೆಗೆದಳು: ಕಬ್ಬು ಕಡಿದ ಮೇಲೆ ಉಳಿಯುವ ಒಣ ತರಗನ್ನು ಸುಡಬಾರದು, ಸಾಲಿನ ನಡುವೆ ಹರವಬೇಕು.

ಪಕ್ಕದ ಗದ್ದೆಯ ಜವರಯ್ಯ ಬೀಡಿ ಆರಿಸಿದ. "ಮೈಸೂರ್ ರೋಡಲ್ಲಿ ಇರುವೆ ಸಾಲಂಗೆ ಕಾರು ಓಯ್ತವೆ. ಅವ್ರನ್ನ ಬುಟ್ಟು ನನ್ ಬೆಂಕಿಪೊಟ್ಣಕ್ಕೆ ಬಂದ್ಯಲ್ಲಮ್ಮ. ಒಂದ್ ಗದ್ದೆ ಒಗೆಯಿಂದ ಆಕಾಸಕ್ಕೇನಾಯ್ತದೆ?"

"ಎಲ್ರೂ ಅಂಗೇ ಅಂದ್ರೆ ಯಾರ್ ಸುರು ಮಾಡೋದು ಮಾವ? ನಮ್ ಗದ್ದೆಗೆ ಪೂರ್ತಿ ನಾನೇ ಅರವ್ತೀನಿ, ನೋಡ್ತಿರಿ."

ಕಾರಿನ ಮಾತು ನಿಜವೆಂದು ಅವಳಿಗೆ ಅನ್ನಿಸಿತ್ತು. ಆದರೆ ಜನ ನೋಡುತ್ತಿದ್ದರೆಂದು ಅವಳು ಅದನ್ನು ಒಪ್ಪಿಕೊಳ್ಳಲಿಲ್ಲ.

ಅರ್ಧ ಗದ್ದೆಯಾಗುವಷ್ಟರಲ್ಲಿ ತರಗಿನ ಅಂಚು ಅಂಗೈಯೆಲ್ಲ ಗೀರಿತು. ಆಳು ಸಿಗಲಿಲ್ಲ. ನಾಡಿದ್ದು ನಾಲೆಗೆ ನೀರು ಬಿಡುತ್ತಾರೆ, ಅಷ್ಟರೊಳಗೆ ಗದ್ದೆ ಅಣಿಯಾಗಬೇಕು. ಊರು ಉಂಡು ಮಲಗಿದ ಮಧ್ಯಾಹ್ನ ವೀಣ ಉಳಿದರ್ಧಕ್ಕೆ ಕಡ್ಡಿ ಗೀರಿದಳು. ಬೆಂಕಿ ಚಟಪಟನೆ ಓಡಿ ಹರವಿದ್ದ ಅರ್ಧಕ್ಕೂ ಇದಕ್ಕೂ ನಡುವಿನ ಬದುವಿಗೆ ಬಂದು ಸತ್ತಿತು.

ಹೊಗೆ ಕಂಡು ಜವರಯ್ಯ ಬಂದ. ಕೇಳುವ ಮೊದಲೇ ಅವಳೇ ಬಾಯಿ ಬಿಟ್ಟಳು. "ಒಂದ್ ಗದ್ದೆ ಒಗೆಯಿಂದ ಆಕಾಸಕ್ಕೇನಾಯ್ತದೆ ಮಾವ..."

"ಅದು ನನ್ ಮಾತು ಕಣಮ್ಮ. ನೀನ್ ಕಪ್ ಗೆದ್ದಿದ್ದು ಬ್ಯಾರೆ ಮಾತ್ಗಲ್ವಾ?"

ವೀಣ ಕೈಯಲ್ಲಿದ್ದ ಬೆಂಕಿಪೊಟ್ಟಣವನ್ನು ಬದುವಿನ ಮೇಲಿಟ್ಟಳು.

"ನಿನ್ ವಾದಕ್ಕೆ ನಾನೇನ್ ಸೋತಿರ್ನಿಲ್ಲ," ಎಂದ ಜವರಯ್ಯ. "ನೀನು ಬಗ್ಗಿ ಅರವದ್ ನೋಡಿ, ನಂದೂ ಸುಡ್ದೆ ಬುಟ್ಟಿದ್ದೆ. ಈಗ ಕಡ್ಡಿ ಗೀರ್ಲಾ ಬ್ಯಾಡ್ವಾ, ನೀನೇ ಏಳು."

ಅವನ ಗದ್ದೆಯ ತರಗು ಹಾಗೇ ಬಿದ್ದಿತ್ತು. ಅವಳು ಅದನ್ನು ಈವರೆಗೆ ಗಮನಿಸಿಯೇ ಇರಲಿಲ್ಲ.

"ಬ್ಯಾಡ ಮಾವ. ನಾಳೆ ಬತ್ತೀನಿ."

ಮನೆಯಲ್ಲಿ ಚಿಕ್ಕಬೋರಮ್ಮ ಅವಳ ಸೆರಗು ಮೂಸಿದಳು. "ಎಲ್ಲಿಗ್ ಬಂತವ್ವ ನಿನ್ ಕತೆ?"

"ಅರ್ಧಕ್ಕೆ ಅಜ್ಜಿ."

ಬೆಳಿಗ್ಗೆ ವೀಣ ಕೈಗೆ ಹಳೆ ಬಟ್ಟೆ ಸುತ್ತಿಕೊಂಡು ಜವರಯ್ಯನ ಗದ್ದೆಗಿಳಿದಳು. ತನ್ನದರಲ್ಲಿ ಸುಟ್ಟಷ್ಟನ್ನು ಇಲ್ಲಿ ಹರವಿ ಕೊಡಬೇಕು. ಹಾಲಿನ ಕ್ಯಾನು ಹಿಡಿದ ಪಟ್ಟಲಮ್ಮ ಬದುವಿನ ಮೇಲೆ ನಿಂತಳು. "ನಿಮ್ ಗದ್ದೆ ಯಾರವ್ವ ಸುಟ್ಟೋರು?"

"ನಾನೇ ಅಕ್ಕ," ಎಂದಳು ತಲೆ ಎತ್ತದೆ. ಪಟ್ಟಲಮ್ಮ ಮುಂದೆ ಹೋಗಿ ಇನ್ನೊಬ್ಬರಿಗೆ ಹೇಳಿ ನಕ್ಕಿದ್ದೂ ಕೇಳಿಸಿತು.

ಜವರಯ್ಯ ಆಚೆ ತುದಿಯಿಂದ ಹರವುತ್ತ ಬಂದ. "ಕಾರ್ನೋರ್ಗೂ ಯಾರಾರಾ ಏಳ್ಬೇಕು ಕಣಮ್ಮ."

"ಏಳ್ಬೇಕು ಮಾವ. ಅವತ್ತೇ ಒಪ್ಕಬೇಕಾಗಿತ್ತು."

ಬಿಸಿಲೇರಿತು. ಕೊನೆಯ ಹಿಡಿ ತರಗನ್ನು ಮೂಲೆಯ ಕಬ್ಬಿನ ಕೂಳೆಗಳ ನಡುವೆ ಹಾಸಿ ಅವಳು ಸೊಂಟ ನೆಟ್ಟಗೆ ಮಾಡಿದಳು. ಹರವಲು ಇನ್ನು ಸಾಲು ಉಳಿದಿರಲಿಲ್ಲ.