ಸೂರಿನ ಮೇಲೆ ಸ್ತ್ರಾಕಾ

"ಲೋ ಮತೌಷ್, ಸೂಪಿಗೆ ಮಣ್ಣು ಉದುರ್ತಿದೆ. ಗಸಗಸೆ ಅಂದ್ಕೊಂಡು ತಿಂತಿದೀಯಲ್ಲೋ!" ಎಂದರು ನಮ್ಮತ್ತೆ ರೊಜಾಲಿಯೆ.

"ಮಣ್ಣಿನ ಮನೇಲಿ ಮಣ್ಣಲ್ದೆ ಮುತ್ತು ಉದುರುತ್ತೇನಮ್ಮಾ?" ಎಂದರು ನನ್ನ ಗಂಡ.

ನೆಬ್ರಾಸ್ಕಾದ ನಮ್ಮ ಬಯಲಿನಲ್ಲಿ ಮರವೆಂಬುದಿಲ್ಲ. ಗುಡ್ಡದ ಪಕ್ಕೆ ಕೊರೆದು, ಮುಂದೆ ಹುಲ್ಲು ಸಮೇತ ಕೊಯ್ದ ಮಣ್ಣಿನ ಹೆಂಟೆಗಳನ್ನಿಟ್ಟು, ದೂರದ ಹೊಳೆಯಿಂದ ಎಳೆದು ತಂದ ಒಂದೇ ತೊಲೆಯ ಮೇಲೆ ಸೂರು ಹೊದಿಸಿದ್ದೆವು. ಸೂರಿನ ಮೇಲೂ ಗುಡ್ಡದ್ದೇ ಹುಲ್ಲು. "ಗುಡ್ಡ ಯಾವ್ದು, ಮನೆ ಯಾವ್ದು ಅಂತ ದೇವರಿಗೂ ಗೊತ್ತಾಗ್ಬಾರ್ದು" ಎಂದು ಮತೌಷ್ ಬೀಗುತ್ತಿದ್ದರು. ಹಸು ಹತ್ತದ ಹಾಗೆ ಮೇಲೆ ಬೇಲಿ ಹಾಕು ಅಂತ ಅತ್ತೆ ಹೇಳಿದ್ದಕ್ಕೆ ನಕ್ಕರು. ಒಂದು ಕಿಟಕಿಯಾದರೂ ಇಡಿ ಅಂತ ನಾನು ಹೇಳಿದ್ದಕ್ಕೂ ನಕ್ಕರು.

ಅಷ್ಟರಲ್ಲಿ ತಲೆಯ ಮೇಲೆಯೇ ಯಾರೋ ನರಳಿದರು.

"ಅಯ್ಯೋ, ಸ್ತ್ರಾಕಾ!" ಎಂದು ಹೊರಗೋಡಿದೆ. ಬೆಳಗಿನಿಂದ ಕಾಣದಿದ್ದ ತುಂಬುಗಬ್ಬದ ಹಸು. ಇರುವುದೇ ಅದೊಂದು. ಸೂರಿನ ಮೇಲೆ ಹೊಗೆಕೊಳವೆಯ ಪಕ್ಕ ಬೆಚ್ಚಗಿನ ಜಾಗ ನೋಡಿ ಮಲಗಿಬಿಟ್ಟಿದೆ! ಕರುವಿನ ಮುಂಗಾಲುಗಳು ಆಗಲೇ ಹೊರಗೆ. ಎಬ್ಬಿಸುವ ಹಾಗಿಲ್ಲ.

"ತೊಲೆ ಲಟಲಟ ಅಂತಿದೆ!" ಒಳಗಿಂದ ಮತೌಷ್ ಕೂಗಿದರು. ತೊಲೆ ಹೋದರೆ ಮನೆ, ಹಸು, ಕರು, ಎಲ್ಲ ಒಟ್ಟಿಗೇ.

"ಮೇಜಿನ ಮೇಲೆ ಮಂಡಿಯೂರಿ ಬೆನ್ನು ಕೊಡೋ!" ಎಂದರು ಅತ್ತೆ. "ದೇವರಿಗೆ ಗೊತ್ತಾಗ್ಬಾರ್ದು ಅಂದ್ಯಲ್ಲ, ಹಸೂಗೂ ಗೊತ್ತಾಗ್ಲಿಲ್ಲ ನೋಡು!"

"ಆಮೇಲೆ ಬಯ್ಯಮ್ಮಾ!"

"ಆಮೇಲೆ ನೀನಿರ್ತೀಯೋ ಇಲ್ವೋ, ಈಗ್ಲೇ ಬೈದ್ಬಿಡ್ತೀನಿ!"

ನಾನು ಸೂರಿನ ಮೇಲೆ ಬೋರಲಾಗಿ ತೆವಳಿ ಹೋಗಿ ಕರುವಿನ ಕಾಲು ಹಿಡಿದೆ. ಸ್ತ್ರಾಕಾ ತಿಣುಕಿದಾಗೆಲ್ಲ ಎಳೆದೆ. ನನ್ನ ಕೆಳಗೆ ಸೂರು ನಡುಗಿತು, ಅದರ ಕೆಳಗೆ ಗಂಡ ಏದುಸಿರು ಬಿಡುವುದು ಕೇಳಿಸಿತು. ಜಾರಿ ಬಂತು ಕರು! ಬಾಚಿ ತಬ್ಬಿ ಗುಡ್ಡದ ಕಡೆಗೆ ಎಳೆದೊಯ್ದೆ. ಸ್ತ್ರಾಕಾ ಎದ್ದು ಹಿಂದೆಯೇ ಬಂತು, ಗಟ್ಟಿ ನೆಲ ಮೆಟ್ಟಿತು.

ಅದು ನೆಕ್ಕಿ ನೆಕ್ಕಿ ಕರು ತಡವರಿಸುತ್ತ ಎದ್ದು ನಿಂತ ಮೇಲೆ ಒಳಗೆ ನುಗ್ಗಿ, "ಹೆಣ್ಣುಗರು ಅತ್ತೇ!" ಎಂದು ಕುಣಿದೆ.

"ನಾನಿನ್ನು ಇಳೀಲಾ?" ಎಂದರು ಮತೌಷ್, ಬೆನ್ನನ್ನು ತೊಲೆಗೆ ಕೊಟ್ಟುಕೊಂಡೇ.

"ಇರು, ಬೇಲಿ ಹಾಕ್ತೀನಿ ಅಂತ ಹೇಳಿ ಇಳಿ."

"ಹಾಕ್ತೀನಮ್ಮಾ, ಕಿಟಕೀನೂ ಇಡ್ತೀನಿ!"

ಅವರು ಇಳಿಯುವಷ್ಟರಲ್ಲಿ ತಲೆಯ ಮೇಲೆ ಕರುವಿನ ತಡವರಿಸುವ ಹೆಜ್ಜೆ ಕೇಳಿಸಿತು. ಸೂರಿನಿಂದ ಮಣ್ಣು ಸುರಿದು, ಒಂದು ಪುಟ್ಟ ಒದ್ದೆ ಕಾಲು ಒಳಗಿಳಿಯಿತು. ಗಾಳಿಯಲ್ಲಿ ಎರಡು ಸಲ ಒದೆಯಿತು, ಮೇಲೆ ಹೋಯಿತು. ಆ ತೂತಿನಿಂದ ಅಂಗೈಯಗಲ ಬಿಸಿಲು ಇಳಿದು ಸೂಪಿನ ಬಟ್ಟಲಲ್ಲಿ ಕೂತಿತು.