ಬೋಳುದಿಣ್ಣೆಯ ಮೇಲಿನ ಫಿರಂಗಿ

ನಾನು ಫ್ರಾನ್ಸ್ ದೇಶದ ಒಂದು ಫಿರಂಗಿ. ಸೈನ್ಯದ ಕಾರ್ಖಾನೆಯೊಂದರಲ್ಲಿ ಉಕ್ಕನ್ನು ಕಾಯಿಸಿ, ಬಡಿದು, ಕೊರೆದು ನನ್ನನ್ನು ಮಾಡಿದರು. ಹಳೆಯ ಫಿರಂಗಿಗಳು ಗುಂಡು ಹಾರಿದೊಡನೆ ಗಾಡಿ ಸಮೇತ ಹಿಂದಕ್ಕೆ ನೆಗೆಯುತ್ತಿದ್ದವು. ನನ್ನಲ್ಲಿ ನಳಿಗೆಯೊಂದೇ ಹಿಂದೆ ಸರಿದು ತಾನಾಗಿ ಮುಂದೆ ಬರುತ್ತಿತ್ತು. ನಿಮಿಷಕ್ಕೆ ಹದಿನೈದು ಗುಂಡು ಹಾರಿಸುತ್ತಿದ್ದೆ. ಆ ಹೆಮ್ಮೆ ಅಧಿಕಾರಿಗಳ ತಲೆಗೇರಿತ್ತು. ನನ್ನ ತಲೆಗೂ.

೧೯೧೪ರ ಆಗಸ್ಟಿನಲ್ಲಿ ಆರು ಕುದುರೆಗಳು ನನ್ನನ್ನು ಜರ್ಮನಿಯೆದುರಿನ ಲೊರೇನ್ ಗಡಿಗೆ ಎಳೆದೊಯ್ದವು. ಕ್ಯಾಪ್ಟನ್ ವೊಕ್ಲೇರ್ ನನ್ನನ್ನು ಮರಗಿಡವಿಲ್ಲದ ದಿಣ್ಣೆಯ ನೆತ್ತಿಯಲ್ಲಿ ನಿಲ್ಲಿಸಿದ. ನನ್ನ ಗುರಿ ನೋಡುತ್ತಿದ್ದ ಅನ್ಸೆಲ್ಮ್ ಊರಲ್ಲಿ ಕಲ್ಲುಗಣಿಯ ಕೂಲಿಯವನು. ಅವನಿಗೆ ಇದು ಸರಿಕಾಣಲಿಲ್ಲ.

"ಸಾರ್, ಜರ್ಮನ್ನರ ದೊಡ್ಡ ಫಿರಂಗಿಗಳು ಆ ಗುಡ್ಡದ ಹಿಂದಿವೆ. ನಮ್ಮ ಗುಂಡು ನೇರ ಹೋಗುತ್ತೆ, ಅಲ್ಲಿಗೆ ಇಳಿಯಲ್ಲ. ದಿಣ್ಣೆಯ ಈ ಕಡೆ ಮರೆಗೆ ಹೋಗೋಣ."

"ಕಲ್ಲು ಒಡೆಯೋನು ನನಗೆ ಯುದ್ಧ ಕಲಿಸ್ತೀಯಾ? ಅಡಗೋದು ಹೇಡಿಗಳ ಕೆಲಸ. ಬಾಯಿ ಮುಚ್ಚು!"

ಅನ್ಸೆಲ್ಮ್ ಹಲ್ಲು ಕಚ್ಚಿ ನನ್ನ ಪಕ್ಕ ಕುಳಿತ. ಕ್ಯಾಪ್ಟನ್ನನ ಮೇಲೆ ನನಗೆ ಹುಟ್ಟಿದ ದ್ವೇಷ ಇಂದಿಗೂ ಆರಿಲ್ಲ.

ಗುಡ್ಡದ ಹಿಂದಿನಿಂದ ಮೊದಲ ಗುಂಡು ಬಂದು ನಾಲ್ಕು ಕುದುರೆಗಳನ್ನು ಸೀಳಿತು. ನಾನು ಉತ್ತರ ಕೊಟ್ಟೆ. ನನ್ನ ಗುಂಡುಗಳೆಲ್ಲ ಬರೀ ಹುಲ್ಲನ್ನು ಸುಟ್ಟವು. ಅರ್ಧ ಗಂಟೆಯಲ್ಲಿ ಕ್ಯಾಪ್ಟನ್ನನನ್ನು ಬಿಟ್ಟರೆ ನಮ್ಮವರಲ್ಲಿ ಉಳಿದವರು ಇಬ್ಬರೇ: ಅನ್ಸೆಲ್ಮ್, ಮತ್ತು ತೊಡೆ ಹರಿದು ಬಿದ್ದಿದ್ದ, ಗುಂಡು ತುಂಬುವ ಗಸ್ಪಾರ್. ಕೆಳಗೆ ಜರ್ಮನ್ ಸೈನಿಕರು ಹತ್ತುತ್ತಿದ್ದರು.

ಅನ್ಸೆಲ್ಮ್ ಗಸ್ಪಾರನತ್ತ ಬಾಗಿದ. ಕ್ಯಾಪ್ಟನ್ ಕುದುರೆ ಏರಿಯಾಗಿತ್ತು. "ಅವನನ್ನ ಬಿಡು! ಮೊದಲು ಫಿರಂಗಿ ಮುರಿದು ಹಾಕು, ಅವರ ಕೈಗೆ ಸಿಗಬಾರದು!"

ಮುರಿಯಲು ಸುತ್ತಿಗೆ ಬೇಕು, ಸಮಯ ಬೇಕು. ಅನ್ಸೆಲ್ಮ್ ನನ್ನನ್ನು ನೋಡಿದ, ಗಸ್ಪಾರನನ್ನು ನೋಡಿದ.

"ಈ ಕಬ್ಬಿಣಕ್ಕೆ ಹೆಂಡ್ತಿ ಮಕ್ಕಳಿಲ್ಲ, ಸಾರ್. ಇವನಿಗಿದ್ದಾರೆ."

"ನಿನ್ನನ್ನ ಗುಂಡಿಕ್ಕಿ ಕೊಲ್ಲಿಸ್ತೀನಿ!" ಎಂದು ಕೂಗುತ್ತಲೇ ಕ್ಯಾಪ್ಟನ್ ಓಡಿಹೋದ. ಅನ್ಸೆಲ್ಮ್ ಗಸ್ಪಾರನನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಕಾಡಿನತ್ತ ಇಳಿದ.

ಜರ್ಮನ್ನರು ಬಂದರು. ನಗುತ್ತಾ ನನ್ನನ್ನು ತಿರುಗಿಸಿದರು. ನನ್ನ ಪೆಟ್ಟಿಗೆಯಲ್ಲಿ ನಾಲ್ಕು ಗುಂಡು ಉಳಿದಿದ್ದವು. ನಾಲ್ಕನ್ನೂ ಅದೇ ಕಾಡಿಗೆ ಹಾರಿಸಿದರು. ನನ್ನ ನಳಿಗೆ ಎಂದಿನಂತೆ ನುಣ್ಣಗೆ ಹಿಂದೆ ಸರಿದು ಮುಂದೆ ಬಂತು. ಅವರಿಬ್ಬರೂ ಬದುಕಿದರೋ ಇಲ್ಲವೋ, ನನಗೆ ತಿಳಿಯಲೇ ಇಲ್ಲ.

ಆಮೇಲೆ ನನ್ನನ್ನು ಗೆದ್ದ ವಸ್ತುವೆಂದು ಜರ್ಮನಿಯ ಒಂದು ಊರಿನ ಚೌಕದಲ್ಲಿಟ್ಟರು. ಯುದ್ಧದ ಎರಡನೆಯ ಚಳಿಗಾಲದಲ್ಲಿ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಬಂದು ಕೊಡೆಯಿಂದ ನನಗೆ ಹೊಡೆಯತೊಡಗಿದಳು. ಪೊಲೀಸಿನವನು ಓಡಿಬಂದ.

"ಅಮ್ಮಾ, ನಿಲ್ಲಿಸಿ. ಇದು ಸರ್ಕಾರದ ಆಸ್ತಿ."

"ನನ್ನ ಮಗ ಯಾರ ಆಸ್ತಿಯಪ್ಪಾ?"

ಆಕೆ ನನ್ನ ಮೇಲೆ ಉಗುಳಿ ಹೋದಳು. ಅವಳ ಮಗನನ್ನು ಕೊಂದದ್ದು ನಾನಲ್ಲದಿರಬಹುದು. ಆದರೆ ಆ ಕಾಡಿಗೆ ಹಾರಿದ ನನ್ನ ಗುಂಡುಗಳು ಯಾರದೋ ಮಗನನ್ನು ಕೊಂದಿರಬಹುದು. ಆ ಉಗುಳನ್ನು ಯಾರೂ ಒರೆಸಲಿಲ್ಲ. ಒರೆಸುವುದು ನನಗೂ ಬೇಕಿರಲಿಲ್ಲ.