ಹಿಂದೆ ಸರಿಯದ ರುಜ್ಜೇರೊ

ನಮ್ಮೂರ ಪಕ್ಕದ ಕಾನ್ನೆ ಬಯಲಿನಲ್ಲಿ ಪ್ರತಿ ಆಗಸ್ಟ್‌ನಲ್ಲೂ ಎರಡು ಸಾವಿರ ವರ್ಷಗಳ ಹಿಂದೆ ಸೇನಾಪತಿ ಹ್ಯಾನಿಬಲ್ ರೋಮನ್ನರನ್ನು ಸೋಲಿಸಿದ ಯುದ್ಧವನ್ನು ಆಡಿ ತೋರಿಸುತ್ತೇವೆ. ಸೇನಾಪತಿಗಳು ಇಂದಿಗೂ ಕಲಿಯುವ ತಂತ್ರವದು: ಅವನ ನಡುವಿನ ಸಾಲು ಸೋತಂತೆ ಹಿಂದೆ ಸರಿಯಬೇಕು, ರೋಮನ್ನರು ಒಳನುಗ್ಗಿದಾಗ ಎರಡೂ ಪಕ್ಕದ ಸೈನಿಕರು ಅವರನ್ನು ಸುತ್ತುವರಿಯಬೇಕು. ಈ ಸಲ ಮೊದಲ ಬಾರಿಗೆ ನಿರ್ದೇಶನ ನನ್ನದು. ಆದರೆ ನಡುವಿನ ಸಾಲಿನ ನಾಯಕ, ಕಟುಕ ರುಜ್ಜೇರೊ, ತಾಲೀಮಿನಲ್ಲಿ ಒಂದು ಹೆಜ್ಜೆಯೂ ಹಿಂದಿಡಲಿಲ್ಲ.

"ರೋಮನ್ನರ ವೇಷ ಹಾಕೋರು ಪಕ್ಕದೂರಿನೋರು ಕಣಮ್ಮಾ. ಅವರ ಮುಂದೆ ನಾನು ಹಿಂದಕ್ಕೆ ಹೋಗೋದಾ?"

ವಾದಿಸುವ ಧೈರ್ಯ ನನಗಿರಲಿಲ್ಲ. ಆಟದ ದಿನ ಅವನ ತಾಯಿ ನುನ್ಸಿಯಾಗೆ ಶಿರಸ್ತ್ರಾಣ ತೊಡಿಸಿ ರೋಮನ್ನರ ಮೊದಲ ಸಾಲಿನಲ್ಲಿ ನಿಲ್ಲಿಸಿದೆ.

"ಲೋ, ಭಾನುವಾರ ಊಟಕ್ಕೆ ಯಾಕೋ ಬರ್ಲಿಲ್ಲ?" ಎಂದು ಕೂಗುತ್ತಾ ಆಕೆ ಮುನ್ನುಗ್ಗಿದಳು.

"ಕೆಲಸ ಇತ್ತಮ್ಮಾ!" ಎನ್ನುತ್ತಾ ರುಜ್ಜೇರೊ ಹಿಂದೆ ಹಿಂದೆ ಸರಿದ. ಅವನ ಸಾಲೂ ಸರಿಯಿತು. ನಾನು ಮೆಲ್ಲಗೆ ಎರಡೂ ಪಕ್ಕದವರಿಗೆ ಕೈಬೀಸಿದೆ. ರೋಮ್ ಸೋತಿತು. ನುನ್ಸಿಯಾ ಮಾತ್ರ ಇನ್ನೂ ಬೈಯುತ್ತಲೇ ಇದ್ದಳು.